ವಾಘ್ಯಾನ ಪಾಲಿನ ರೊಟ್ಟಿ

೯ ಅಕ್ಟೋಬರ್ ೧೯೫೬, ಮಂಗಳವಾರ

ಮನೆಯವರ ರೊಟ್ಟಿ ಆಯಿತು. ಕೊನೆಗೆ ಕುರಿನಾಯಿ ವಾಘ್ಯಾನ ದಪ್ಪ ರೊಟ್ಟಿ. ದಿನಕ್ಕೆ ಒಂದೇ ಸಲ, ಹೊತ್ತು ಮುಳುಗುವಾಗ, ಮಜ್ಜಿಗೆಯಲ್ಲಿ ಮುರಿದು. ಅಪ್ಪ ಇದ್ದಾಗಿನಿಂದ ಹೀಗೇ. "ಅರ್ಧ ಹೊಟ್ಟಿ ನಾಯಿ ಕುರಿ ಕಾಯ್ತದ, ತುಂಬ ಹೊಟ್ಟಿ ನಾಯಿ ನಿದ್ದಿ ಕಾಯ್ತದ" ಅನ್ನುತ್ತಿದ್ದ.

ನಿನ್ನೆ ಕುರಿ ಹಂಚಿದರು. ಬಕ್ಕಪ್ಪಣ್ಣನಿಗೆ ಅರ್ಧ, ತಮ್ಮ ಧೊಂಡಿಬಾನಿಗೆ ಅರ್ಧ. ನನ್ನನ್ನು ಯಾರೂ ಕೇಳಲಿಲ್ಲ. ಭಾಲ್ಕಿಯಲ್ಲಿ ಮಾಸ್ತರನ ಹೆಂಡತಿಯಾಗಿದ್ದವಳು, ಗಂಡ ಸತ್ತು ತವರಿಗೆ ಬಂದವಳು. ಕೇಳುವುದೇನು? ನಾಯಿ ಮಾತ್ರ ಹಂಚಲಾಗಲಿಲ್ಲ. ಪಂಚರಲ್ಲಿ ಹಿರಿಯ, ಕುರಿ ವ್ಯಾಪಾರದ ಚಾಂದ ಪಾಶಾ ಫೈಸಲಾ ಹೇಳಿದ.

"ದೀಪಾವಳಿ ಪಾಡ್ಯಾದ ದಿನ ಇಬ್ಬರೂ ಕರೀರಿ. ಯಾರ ಹಿಂದ ಹೋಗ್ತದ, ನಾಯಿ ಅವರದು."

ಇವತ್ತು ಬೆಳಿಗ್ಗೆಯೇ ಧೊಂಡಿಬಾ ನಾಯಿಗೆ ಮಾಂಸದ ಬೋಟಿ ತಂದು ಹಾಕಿದ. ಅಣ್ಣ ನೋಡಿದ. ಆ ನೋಟ ನನಗೆ ಸೇರಲಿಲ್ಲ.

೧೩ ಅಕ್ಟೋಬರ್, ಶನಿವಾರ. ಸಂಜೆ

ಬೋಟಿ, ಹಾಲು, ಅಂಬಲಿ, ಮತ್ತೆ ಹಾಲು... ಒಬ್ಬ ಹಾಕಿದ್ದು ಕಂಡರೆ ಇನ್ನೊಬ್ಬ ಹಾಕುತ್ತಾನೆ. ನಾನು ರೊಟ್ಟಿ ಕೊಡುವುದನ್ನೇ ಬಿಟ್ಟೆ. ಮಧ್ಯಾಹ್ನ ಅಂಗಳದ ತುಂಬ ವಾಂತಿ. ಬಳಿದವಳು ನಾನು.

"ನೀನರ ಬಿಡೋ ಅಣ್ಣಾ. ತಿಂದೇ ಸಾಯ್ತದ ಅದು."

"ಅಂವಗ ಹೇಳು ಮೊದಲ."

ಅವನಿಗೆ ಹೇಳಿದರೆ — "ಅಕ್ಕಾ, ಅಂವ ಬಿಟ್ರ ನಾ ಬಿಡ್ತೇನಿ."

ಈಗ ಸ್ವಲ್ಪ ಹೊತ್ತಿನ ಹಿಂದೆ ಧೊಂಡಿಬಾನ ಹೆಂಡತಿ ಭೀಮಬಾಯಿ ನಾಯಿಗೆಂದು ಅಂಬಲಿ ಗಡಿಗೆ ಹೊರಗೆ ತಂದಳು. ಇನ್ನೂ ಕುದಿಯುತ್ತಿತ್ತು. ಅಣ್ಣ ಎದುರು ಬಂದು ಒದ್ದ. ಗಡಿಗೆಗೆ ಒದ್ದನೋ, ಅವಳಿಗೋ... ಅಂಬಲಿಯೆಲ್ಲ ಅವಳ ಪಾದದ ಮೇಲೆ. ಒರೆಸಲು ಹೋದರೆ ತೊಗಲೇ ಅರಿವೆಗೆ ಅಂಟಿ ಬಂತು. ಧೊಂಡಿಬಾ ಬಡಿಗೆ ತಂದ. ಅಣ್ಣನ ತಲೆ ಒಡೆದ. ಬಿದ್ದ ಮೇಲೂ ಬೆನ್ನಿಗೆ ಬಾರಿಸಿದ. ಬಿಡಿಸಲು ಹೋದ ನನ್ನ ಮೊಣಕೈ ಊದಿದೆ.

ಇಷ್ಟೆಲ್ಲ ಆಗುವಾಗ ವಾಘ್ಯಾ ಚೆಲ್ಲಿದ ಅಂಬಲಿ ನೆಕ್ಕುತ್ತಿತ್ತು.

೧೭ ಅಕ್ಟೋಬರ್, ಬುಧವಾರ

ಮನೆಯಲ್ಲಿ ಮಾತು ನಿಂತಿದೆ. ನಾಯಿಗೆ ಹಾಕುವುದು ನಿಂತಿಲ್ಲ. ಅದು ಈಗ ಕುರಿ ಹಿಂದೆ ಹೋಗುವುದಿಲ್ಲ. ಹೊಟ್ಟೆ ನೆಲಕ್ಕೆ ಹಾಸಿ ಬೇವಿನ ನೆರಳಲ್ಲಿ ಬಿದ್ದಿರುತ್ತದೆ. ಕರೆದರೆ ಒಂದು ಕಣ್ಣು ತೆರೆಯುತ್ತದೆ, ಅಷ್ಟೇ.

ಕಮಲನಗರದ ಸಂತೆಯಿಂದ ಬಂದವರ ಸುದ್ದಿ: ಬರುವ ತಿಂಗಳು ಹೈದರಾಬಾದ ಸ್ಟೇಟ್ ಮುರಿಯುತ್ತದಂತೆ. ನಾವು ಮೈಸೂರಿಗೆ, ಉದಗೀರ ಮುಂಬಯಿಗೆ. ಅಣ್ಣ ತಲೆಗೆ ಸುತ್ತಿದ ಅರಿವೆ ಸರಿಮಾಡಿಕೊಂಡ. "ಅವರದೂ ಪಾಲಾತು" ಎಂದ.

೨೧ ಅಕ್ಟೋಬರ್, ಭಾನುವಾರ. ಬೀದರ, ದವಾಖಾನೆ ಕಟ್ಟೆ

ಈಗ ಕೂರಲು ಜಾಗ ಸಿಕ್ಕಿದೆ. ಬರೆಯಬಹುದು.

ಶುಕ್ರವಾರ ನಸುಕಿನಲ್ಲಿ ಕುರಿ ದೊಡ್ಡಿಗೆ ತೋಳ ಬಿದ್ದಿದ್ದವು. ನಾವು ಓಡುವಷ್ಟರಲ್ಲಿ ಮುಗಿದಿತ್ತು. ತಿನ್ನುವುದಕ್ಕಿಂತ ಕೊಂದದ್ದೇ ಹೆಚ್ಚು. ಕುತ್ತಿಗೆ ಹರಿದ ಕುರಿಗಳು ಒಂದರ ಮೇಲೊಂದು. ಗಬ್ಬದ ಕುರಿಯೊಂದರ ಹೊಟ್ಟೆ ಬಗೆದು ಮರಿ ಹೊರಗೆ ಬಿದ್ದಿತ್ತು, ಇನ್ನೂ ಒದ್ದಾಡುತ್ತಿತ್ತು. ಬರಿಗಾಲಿಗೆ ರಕ್ತ ಬೆಚ್ಚಗೆ ಹತ್ತಿತು. ವಾಘ್ಯಾ ಮೂಲೆಯಲ್ಲಿ. ಒಂದು ಕಿವಿ ಹರಿದಿತ್ತು. ಎದ್ದಿರಬೇಕು, ತಡವಾಗಿ ಎದ್ದಿರಬೇಕು.

ಸತ್ತವುಗಳಲ್ಲಿ ಹೆಚ್ಚಿನವು ಧೊಂಡಿಬಾನ ಪಾಲಿನವು.

"ರಾತ್ರಿ ನಾಯಿಗಿ ಯಾರ ಹಾಕಿದ್ರು?" ಎಂದ.

"ನಾ ಹಾಕಿದೆ. ನೀ ಹಾಕಿಲ್ಲೇನು?" ಅಣ್ಣನ ಮಾತು.

"ಬೇಕಂತಲೇ ಹಾಕಿದಿ. ನನ್ನ ಕುರಿ ಸಾಯಲಿ ಅಂತ ಹಾಕಿದಿ."

ಕೊಡಲಿ ಬೇಲಿಗೆ ಒರಗಿಸಿತ್ತು. ಅದು ಅವನ ಕೈಗೆ ಬಂದದ್ದು ನನಗೆ ಕಾಣಲಿಲ್ಲ. ಅಣ್ಣ ತಲೆಗೆ ಅಡ್ಡ ಬಲಗೈ ಎತ್ತಿದ. ಕಟ್ಟಿಗೆ ಸೀಳಿದ ಸದ್ದು. ಅಂಗೈ ಮಣಿಕಟ್ಟಿನಿಂದ ತೊಗಲಿನ ಆಸರೆಗೆ ತೂಗುತ್ತಿತ್ತು. ಅಣ್ಣ ಅದನ್ನೇ ನೋಡುತ್ತ ನಿಂತ. ಧೊಂಡಿಬಾ ಕೊಡಲಿ ಎಸೆದು ಜೋಳದ ಹೊಲ ಹೊಕ್ಕು ಓಡಿದ.

ಸೆರಗು ಹರಿದು ಬಿಗಿದೆ. ಗಾಡಿಯಲ್ಲಿ ಕಮಲನಗರ, ಅಲ್ಲಿಂದ ರೈಲು. ಭಾಲ್ಕಿ ದಾಟುವಾಗ ಅಣ್ಣನಿಗೆ ಪ್ರಜ್ಞೆ ತಪ್ಪಿತ್ತು. ಇಲ್ಲಿ ಡಾಕ್ಟರು ಉಳಿದ ತೊಗಲನ್ನೂ ಕತ್ತರಿಸಿದರು. ಜೀವಕ್ಕೆ ಭಯವಿಲ್ಲ ಅಂದರು.

ಎಚ್ಚರಾದಾಗ ಅಣ್ಣನ ಮೊದಲ ಮಾತು, "ಎಡಗೈ ಅದಲ್ಲ. ಸಾಕು ಅಂವಗ."

೧ ನವೆಂಬರ್, ಗುರುವಾರ. ಊರು

ನಿನ್ನೆ ಬಂದೆವು. ಭೀಮಬಾಯಿ ಗೋಡೆ ಹಿಡಿದು ನಡೆಯುತ್ತಾಳೆ. ಗಂಡನ ಸುದ್ದಿಯಿಲ್ಲ. ಉದಗೀರದ ಕಡೆ ಕಂಡವರಿದ್ದಾರೆ. ಔರಾದದ ಪೊಲೀಸರು ಬಂದು ಹೇಳಿದರಂತೆ, ಇವತ್ತಿನಿಂದ ಅದು ಬೇರೆ ರಾಜ್ಯ, ಕಾಗದ ಬರೆಯಬೇಕು, ಹೊತ್ತು ಹಿಡಿಯುತ್ತದೆ.

ಅಣ್ಣ ಇಡೀ ದಿನ ಎಡಗೈಯಲ್ಲಿ ಕಟ್ಟಿಗೆ ಒಡೆದ. ಒಲೆಗೆ ಬೇಕಾಗಿರಲಿಲ್ಲ. ಗುರಿ ಕಲಿಯುತ್ತಿದ್ದಾನೆ. ಬರಬೇಡ ಧೊಂಡಿಬಾ.

ವಾಘ್ಯಾನಿಗೆ ಮತ್ತೆ ನಾನೇ. ಸಂಜೆ ಒಂದು ರೊಟ್ಟಿ.

೩ ನವೆಂಬರ್, ಶನಿವಾರ. ಪಾಡ್ಯ

ಚಾಂದ ಪಾಶಾ ಬರಲಿಲ್ಲ. ಕರೆಯುವವರು ಯಾರು?

ಹೊತ್ತು ಮುಳುಗುವಾಗ ರೊಟ್ಟಿ ಒಯ್ದೆ. ವಾಘ್ಯಾ ಜೋಳದ ಕಡೆ ಮುಖ ಮಾಡಿ ನಿಂತಿತ್ತು. ಬೊಗಳಲಿಲ್ಲ, ಬಾಲ ಆಡಿಸಿತು. ಜೋಳದೊಳಗಿಂದ ಧೊಂಡಿಬಾ ಬಂದ. ಗುರುತು ಹತ್ತಲಿಲ್ಲ ಮೊದಲು. ಕೆನ್ನೆ ಒಳಗೆ ಹೋಗಿದೆ, ತುಟಿ ಒಡೆದಿದೆ. ತಾಟಿಗೆ ಕೈ ಹಾಕಿದ. ನಾಯಿಯ ರೊಟ್ಟಿ. ನಿಂತೇ ತಿನ್ನತೊಡಗಿದ. ಮಜ್ಜಿಗೆ ಗಡ್ಡದಿಂದ ಇಳಿಯುತ್ತಿತ್ತು.

ಅಣ್ಣ ಯಾವಾಗ ಹಿಂದೆ ಬಂದನೋ. ನಾನು ಅಡ್ಡ ಹೋದೆ. ಮೊಂಡು ಕೈಯಿಂದಲೇ ನನ್ನನ್ನು ನೂಕಿ ಕೊಡಲಿ ಬೀಸಿದ. ಎಡಗೈ ಪೂರ್ತಿ ಪಳಗಿಲ್ಲ — ಕೊಡಲಿ ತಿರುಗಿ, ಅಲಗಿನ ಹಿಂಬದಿ ಬಿತ್ತು, ತಮ್ಮನ ಭುಜಕ್ಕೆ. ಮೂಳೆ ಮುರಿದದ್ದು ಕೇಳಿಸಿತು. ಧೊಂಡಿಬಾ ಮಕಾಡೆ ಬಿದ್ದ. ಅಣ್ಣ ಮತ್ತೆ ಎತ್ತಿದ, ಈ ಸಲ ಅಲಗು ಕೆಳಗೆ.

ಬಿದ್ದವನು ಅಗಿಯುತ್ತಲೇ ಇದ್ದ. ಮಣ್ಣಿಗೆ ಬಿದ್ದ ಚೂರು ಹುಡುಕಿ ಬಾಯಿಗೆ ಹಾಕಿಕೊಂಡ.

ಕೊಡಲಿ ಎತ್ತಿದಲ್ಲೇ ಇತ್ತು.

"ಉಂಡು ಎಷ್ಟ ದಿನಾ ಆತಲೇ?"

ತಮ್ಮ ಇನ್ನೊಂದು ಚೂರಿಗೆ ಕೈ ಚಾಚಿದ. ಅಣ್ಣ ಕುಕ್ಕರಗಾಲಲ್ಲಿ ಕೂತ. ಕೊಡಲಿ ಕೈಬಿಟ್ಟ. "ಜನಾ, ಮನ್ಯಾಗ ರೊಟ್ಟಿ ಅದಾವೇನು ನೋಡು" ಎಂದ ನನಗೆ.

೪ ನವೆಂಬರ್, ಭಾನುವಾರ. ಬೆಳಿಗ್ಗೆ

ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಔರಾದದಿಂದ ಪೊಲೀಸ್ ಜಮಾದಾರ ಬಂದಿದ್ದಾನೆ. ಅಂಗಳದ ಮಾತು ಇಲ್ಲಿಗೆ ಕೇಳುತ್ತಿದೆ.

"ನಿನ್ನ ಬಾಯಿಲೇ ಹೇಳು, ಕೈ ಯಾರು ಕಡದ್ರು?"

"ಮೇವು ಕಡ್ಯಾಗ ನಾನೇ ಕಡ್ಕೊಂಡೆ ರೀ."

"ಬಲಗೈ ಹೋಗ್ಯದ. ಎಡಗೈಲೇ ಕಡೀತಿದ್ದೇನು?"

"ಹೌದ್ರಿ."

"ಮತ್ತ ನಿನ್ನ ತಮ್ಮನ ಭುಜ?"

"ಗ್ವಾಡಿ ಮ್ಯಾಲಿಂದ ಬಿದ್ದಾನ್ರಿ."

ಜಮಾದಾರ ನಗಲಿಲ್ಲ. ನನ್ನನ್ನು ಕರೆಯುತ್ತಿದ್ದಾನೆ. ಬಾಗಿಲಲ್ಲಿ ಭೀಮಬಾಯಿ, ಸುಟ್ಟ ಕಾಲಿನ ಮೇಲೆ ನಿಂತು ನನ್ನನ್ನೇ ನೋಡುತ್ತಾಳೆ. ಬೇಡ ಅನ್ನುತ್ತಾಳೋ, ಹೇಳು ಅನ್ನುತ್ತಾಳೋ ತಿಳಿಯುವುದಿಲ್ಲ.

ಸುಳ್ಳೇ ಹೇಳುತ್ತೇನೆ. ಅದಕ್ಕೂ ಮೊದಲು ಇಬ್ಬರ ಮುಖ ನೋಡಿ ಒಂದು ಮಾತು ಆಗಬೇಕು. ಪಾಲು ಮುಗಿದಿಲ್ಲ. ನಾಯಿ ನನ್ನದು. ಈ ಮನೆಯಲ್ಲಿ ಇನ್ನು ಮೇಲೆ ಯಾರಿಗೆ ಎಷ್ಟು, ಯಾವಾಗ ಹಾಕಬೇಕೆಂದು ಹೇಳುವವಳು —