ಅವ್ವನ ಫೋಟೋಕ್ಕೊಂದು ಕ್ಯಾಮೆರಾ

ನವೆಂಬರ್ 10, 2014. ಸೋಮವಾರ. ಸಂಜೆ 7.30

ಇವತ್ತು ಕಾಟಾದ ಮೇಲೆ ಎಪ್ಪತ್ತೊಂದು ಗಾಡಿ. ಭತ್ತದ ಸೀಜನ್. ಟ್ರ್ಯಾಕ್ಟರ್ ಹತ್ತಿಸು, ತೂಕ ನೋಡು, ಚೀಟಿ ಕೊಡು, ಇಳಿಸು. ಸಿಂಧನೂರಿನ ಅಕ್ಕಿ ಮಿಲ್ಲಿನ ಕಾಟಾ ಆಪರೇಟರ್ ವಿಜಯಶ್ರೀಗೆ ಈ ತಿಂಗಳು ಬೇರೆ ಬದುಕಿಲ್ಲ. ಮಸ್ಕಿವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ತಲೆತುಂಬ ಹೊಟ್ಟು.

ಮನೆಗೆ ಬಂದರೆ ಹೊಸ ಸುದ್ದಿ — ಅವ್ವ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ! ಟಿವಿ ಮೇಲೆ ಫಾರ್ಮ್. ಹೆಸರು: ಸಂಗಮ್ಮ. ಗಂಡನ ಹೆಸರು: ಶಿವಶರಣಪ್ಪ. ಮೂಲೆಯಲ್ಲಿ ಫೋಟೋ ಅಂಟಿಸಲು ಖಾಲಿ ಚೌಕ. ಡಿಸೆಂಬರ್ ಒಂದಕ್ಕೆ ಕೊಡಬೇಕಂತೆ.

"ನಾಳೆ ಬಸ್‌ಸ್ಟ್ಯಾಂಡ್ ಹತ್ರ ಸ್ಟುಡಿಯೋದಾಗ ತೆಗಿಸ್ಕೊಂಡು ಬಾ" ಅಂದೆ.

"ಇಪ್ಪತ್ತೆಂಟು ವರ್ಷ ಸ್ಟುಡಿಯೋ ನಡೆಸಿದ ಮನಿಯಾಕಿ ನಾ. ಇನ್ನೊಬ್ಬರ ಮುಂದ ಹೋಗಿ ಕುಂದ್ರಲೇನ?"

ಹಳೆಯದಾದರೂ ಸಿಕ್ಕೀತು ಅಂತ ಟ್ರಂಕ್ ತೆಗೆದೆ. ಇಡೀ ಮಸ್ಕಿಯ ಮುಖಗಳಿವೆ ಅದರಲ್ಲಿ. ಅವ್ವ ಒಬ್ಬಳೇ ಇರುವುದು ಒಂದೂ ಇಲ್ಲ. ಮದುವೆಯ ಗುಂಪಿನಲ್ಲಿ ಅರ್ಧ ಮುಖ. ಇನ್ನೊಂದರಲ್ಲಿ ಬರೀ ಕೈ — ಯಾರದೋ ಸೆರಗು ಸರಿ ಮಾಡುತ್ತಿರುವ ಕೈ. ಅಷ್ಟೂ ವರ್ಷ ಅವಳದು ಅದೇ ಕೆಲಸ. ಗಿರಾಕಿಗಳ ತಲೆ, ಕುಂಕುಮ, ಸೆರಗು ಸರಿ ಮಾಡುವುದು, ಪಕ್ಕಕ್ಕೆ ಸರಿಯುವುದು.

ಅಪ್ಪ ಎಲ್ಲ ಕೇಳಿಸಿಕೊಂಡರು. ಬಲಗೈಯನ್ನು ಟವೆಲ್ ಕೆಳಗೆ ಸರಿಸಿಕೊಂಡರು.

ನವೆಂಬರ್ 12, ಬುಧವಾರ. ಬಸ್ಸಿನಲ್ಲಿ (ಇವತ್ತು ಸೀಟು ಸಿಕ್ಕಿದೆ!)

ಅಪ್ಪನ ಆ ಕೈ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಡುಕ ಅನ್ನುವ ಮಾತನ್ನೇ ಯಾರೂ ಬಾಯಲ್ಲಿ ತರುವುದಿಲ್ಲ.

ಮೂರು ವರ್ಷದ ಹಿಂದೆ ಲಿಂಗಸುಗೂರಿನಲ್ಲಿ ಒಂದು ಮದುವೆ. ತಾಳಿ ಕಟ್ಟುವ ಹೊತ್ತಿನ ಫೋಟೋ ಎಲ್ಲಾ ಅಲ್ಲಾಡಿ ಬಂದವು. ಮದುಮಗಳಿಗೆ ಎರಡೆರಡು ಮೂಗು. ಆ ಮನೆಯವರು ಜಗಳವಾಡಲಿಲ್ಲ. "ಇರಲಿ ಬಿಡ್ರಿ ಯಜಮಾನ್ರ, ವಯಸ್ಸಾತು" ಅಂದರು. ಬೈದಿದ್ದರೆ ವಾಸಿಯಿತ್ತು. ಅಪ್ಪ ಮನೆಗೆ ಬಂದು ಕ್ಯಾಮೆರಾ ಮಾರಿದರು, ಸ್ಟುಡಿಯೋ ಮುಚ್ಚಿದರು. ಈಗ ಅಲ್ಲಿ ಮೊಬೈಲ್ ರಿಚಾರ್ಜ್ ಅಂಗಡಿ. ಜೀವಕ್ಕೇನೂ ಅಪಾಯವಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಜೀವಕ್ಕಿಲ್ಲ, ನಿಜ. ಆದರೆ ಮನುಷ್ಯ ಮನೆಯ ಮೂಲೆ ಹಿಡಿದು ಕೂತುಬಿಟ್ಟರು.

ಒಂದು ಕ್ಯಾಮೆರಾ ತರುತ್ತೇನೆ. ಅವ್ವನ ಫೋಟೋ ಅಪ್ಪನೇ ತೆಗೆಯಲಿ. ಒಂದೇ ಒಂದು ಸರಿಯಾಗಿ ಬಂದರೂ ಸಾಕು.

ನವೆಂಬರ್ 15, ಶನಿವಾರ

ಊಟದ ಬಿಡುವಿನಲ್ಲಿ ಆಸೀಫನ ಅಂಗಡಿಗೆ ಹೋದೆ. ಅಪ್ಪನ ಹತ್ತಿರ ಕೆಲಸ ಕಲಿತವನು. ಈಗ ಸಿಂಧನೂರಿನಲ್ಲಿ ಸ್ವಂತ ಅಂಗಡಿ, ಎರಡು ಮಕ್ಕಳು, ದೊಡ್ಡ ಹೊಟ್ಟೆ. ಅಪ್ಪನಿಗೆ ಕ್ಯಾಮೆರಾ ಅಂದ ಕೂಡಲೇ ಎದ್ದು ನಿಂತ.

ಗಾಜಿನ ಮೇಲೆ ಎರಡು ಇಟ್ಟ. ಒಂದು ಪಾಕೆಟ್ ಕ್ಯಾಮೆರಾ. ಬೆಳ್ಳಿ ಬಣ್ಣ. ಸೋಪಿನ ಡಬ್ಬಿಯಷ್ಟಿದೆ. ಹಿಂದೆ ಸ್ಕ್ರೀನ್, ಅದನ್ನು ನೋಡಿ ಒತ್ತಿದರಾಯಿತು. ಇನ್ನೊಂದು ಡಿಎಸ್‌ಎಲ್‌ಆರ್ — ಹೊಸದಾಗಿ ಕೊಳ್ಳುವವರಿಗೆ ಅಂತ ಮಾಡಿದ್ದಂತೆ. ಕಪ್ಪು, ಮುಂದೆ ಉದ್ದ ಲೆನ್ಸು, ಹಿಂದೆ ಕಣ್ಣು ಹಚ್ಚಿ ನೋಡುವ ಕಿಂಡಿ. ಎತ್ತಿ ನೋಡಿದೆ. ಅಬ್ಬಾ, ಭಾರ! ಆ ಕೈಯಲ್ಲಿ ಇದನ್ನು ಹೇಗೆ ಹಿಡಿಯುತ್ತಾರೆ?

"ಹಗುರಂದು ಕೊಡು."

"ಅಕ್ಕಾ, ಉಸ್ತಾದ್‌ಗೆ ಕಣ್ಣಿಗೆ ಹಚ್ಚಿ ನೋಡೋದ ಬೇಕ್ರಿ. ಅವರಿಗೆ ಅದ ರೂಢಿ ಐತಿ."

"ಹಗುರಂದ ಇರಲಿ."

ಆಸೀಫ ನನ್ನ ಮುಖ ನೋಡಿದ. ಯಾಕೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಾಕೆಟ್ ಕ್ಯಾಮೆರಾ ಪ್ಯಾಕ್ ಮಾಡಿಕೊಟ್ಟ.

ಟಿಫಿನ್ ಬ್ಯಾಗಿನಲ್ಲಿದೆ. ನಾಳೆ ಕೊಡುತ್ತೇನೆ. ಸಣ್ಣ ಹುಡುಗಿಯ ಹಾಗೆ ಖುಷಿಯಾಗುತ್ತಿದೆ ನನಗೆ.

ನವೆಂಬರ್ 16, ಭಾನುವಾರ

ಕೊಟ್ಟೆ. ಅಪ್ಪ ಡಬ್ಬಿ ತೆಗೆದರು. ಹೊರಳಿಸಿ ಹೊರಳಿಸಿ ನೋಡಿದರು. "ಕಿಂಡಿ ಎಲ್ಲೈತಿ ಇದಕ್ಕ?"

"ಇಲ್ಲಪ್ಪ. ಸ್ಕ್ರೀನ್ ನೋಡೋದು."

"ಹ್ಞಾಂ... ಚಲೋ ಐತಿ ಬಿಡು."

ಎರಡೂ ಕೈ ಮುಂದೆ ಚಾಚಿ ಹಿಡಿದರು. ಬೇರೆಯವರ ಹಸಿಗೂಸನ್ನು ಎತ್ತಿಕೊಂಡ ಹಾಗೆ. ಆ ಚಾಚಿದ ಕೈ... ನಾನು ಅಡುಗೆಮನೆಗೆ ಹೋದೆ. ನೋಡಬಾರದು ಅನ್ನಿಸಿತು.

ನವೆಂಬರ್ 19, ಬುಧವಾರ

ಕ್ಯಾಮೆರಾ ಎಲ್ಲಿದೆ? ಜೋಳದ ಡಬ್ಬಿಯ ಹಿಂದೆ. ಹಳೇ ಬನಿಯನ್ನಿನಲ್ಲಿ ಸುತ್ತಿ ಇಟ್ಟಿದ್ದಾರೆ.

ಆನ್ ಮಾಡಿದೆ. ಹನ್ನೊಂದು ಫೋಟೋ. ತುಳಸಿಕಟ್ಟೆ ಎರಡೆರಡು. ಬಾಗಿಲ ತೋರಣ ಬರೀ ಹಸಿರು ಗೆರೆ. ಕೊನೆಯದರಲ್ಲಿ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿರುವ ಅವ್ವ. ನೀರಿನಲ್ಲಿ ಕಲಸಿದ ಬಣ್ಣದಂತಿದ್ದಾಳೆ.

ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಅಂದರು, "ನಾಳೆ ಆ ಬಸ್‌ಸ್ಟ್ಯಾಂಡ್ ಸ್ಟುಡಿಯೋಕ್ಕ ಹೋಗಿ ಬಾ."

"ಅಧ್ಯಕ್ಷಗಿರಿನ ಬ್ಯಾಡ ಬಿಡ್ರಿ ನನಗ" ಅಂದಳು ಅವ್ವ.

ನನಗೆ ತಲೆ ಕೆಟ್ಟಿತು. "ಕೈ ನಡುಗತೈತಿ ಅಂತ ಒಂದು ಮಾತು ಬಾಯಿಬಿಟ್ಟು ಹೇಳಾಕ ಏನಾಗಿತ್ತಪ್ಪಾ ನಿನಗ?"

ಅಂದುಬಿಟ್ಟೆ.

ಅಪ್ಪ ತಟ್ಟೆಯಲ್ಲೇ ಕೈ ತೊಳೆದರು. ಅರ್ಧ ರೊಟ್ಟಿ ಹಾಗೇ ಇತ್ತು.

ನವೆಂಬರ್ 24, ಸೋಮವಾರ

ಐದು ದಿನದಿಂದ ಸರಿಯಾಗಿ ಮಾತಿಲ್ಲ. "ಬಂದೇನು?" "ಬಂದೆ." ಅಷ್ಟೇ. ಫಾರ್ಮ್ ಟಿವಿ ಮೇಲೇ ಇದೆ, ಧೂಳು ಕೂತಿದೆ. ಅಪ್ಪಾ, ತಪ್ಪಾಯಿತು. ಇಲ್ಲಿ ಬರೆಯುವುದು ಸುಲಭ, ಎದುರಿಗೆ ನಾಲಿಗೆಯೇ ಏಳುವುದಿಲ್ಲ.

ನವೆಂಬರ್ 26, ಬುಧವಾರ. ಬೆಳಗ್ಗೆ 6.45

ಈಗಲೇ ಬರೆಯಬೇಕು. ಬಸ್ಸು ತಪ್ಪಿದರೆ ತಪ್ಪಲಿ.

ಅವ್ವನಿಗೆ ಮೈ ಬೆಚ್ಚಗಿತ್ತು, ಚಹಾ ನಾನೇ ಮಾಡಿದೆ. ಅಪ್ಪನಿಗೆ ಸ್ಟೀಲ್ ಲೋಟದಲ್ಲಿ ಕೊಟ್ಟೆ. ಹಿಡಿಯುತ್ತಲೇ ಚೆಲ್ಲಿಕೊಂಡರು. ಪಂಚೆ ಮೇಲೆಲ್ಲ ಚಹಾ. ಅವ್ವ ಹೊದ್ದಿದ್ದ ಕೌದಿ ಬಿಸಾಕಿ ಎದ್ದು ಬಂದಳು.

"ಅದರಾಗ ಯಾಕ ಕೊಟ್ಟಿ? ಅವರದು ಹಿತ್ತಾಳಿ ಲೋಟ."

ಅವರ ಹಿತ್ತಾಳೆ ಲೋಟ ನನಗೆ ಗೊತ್ತು. ಅಜ್ಜನ ಕಾಲದ್ದು, ಕಲ್ಲಿನ ಹಾಗೆ ಭಾರ. ಹಳೇ ವಸ್ತುವಿನ ಮೇಲಿನ ಪ್ರೀತಿ ಅಂದುಕೊಂಡಿದ್ದೆ ನಾನು. ಅವ್ವ ಅದಕ್ಕೆ ಚಹಾ ಸುರಿದು ಕೊಟ್ಟಳು. ಅಪ್ಪ ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಲೋಟ ಗದ್ದಕ್ಕೆ ತಾಗಿಸಿ ಕುಡಿದರು. ಒಂದು ಹನಿ ಚೆಲ್ಲಲಿಲ್ಲ.

ಅಡುಗೆಮನೆಯಲ್ಲಿ ಅವ್ವ ಪಿಸುಗುಟ್ಟಿದಳು, "ಹಗುರಂದು ಕೊಟ್ರ ಕೈ ಕುಣೀತೈತಿ. ಭಾರಂದು ಕೊಟ್ರ ಸುಮ್ಮನಿರತೈತಿ. ಮೂರು ವರ್ಷದಿಂದ ನಾ ಹಂಗ ಮಾಡಾಕತ್ತೀನಿ. ಅವರಿಗೆ ಹೇಳಬ್ಯಾಡ ಮತ್ತ."

ಬೆಳಗಿಂದ ಸಂಜೆವರೆಗೆ ತೂಕ ನೋಡುವವಳು ನಾನು. ನಾನೇ ತೂಕದಲ್ಲಿ ತಪ್ಪಿದೆ.

ನವೆಂಬರ್ 27, ಗುರುವಾರ

ಆಸೀಫನಿಗೆ ಎಲ್ಲ ಹೇಳಿದೆ. ಹೊರಗಿನವರ ಮುಂದೆ ಮೊದಲ ಸಲ.

"ನನಗ ಗೊತ್ತೈತ್ರಿ ಅಕ್ಕಾ. ಆ ಮದುವ್ಯಾಗ ಲೈಟ್ ಹಿಡದಾವ ನಾನ. ತಾಳಿ ಕಟ್ಟೋ ಹೊತ್ತಿನ್ಯಾಗ ಮಂದಿ ಮುತ್ತಿಬಿಟ್ರು. ಉಸ್ತಾದ್ ಕ್ಯಾಮೆರಾ ತಲಿ ಮ್ಯಾಲ ಎತ್ತಿ ಹೊಡದ್ರು. ಅವಷ್ಟ ಅಲ್ಲಾಡಿದ್ವು. ಕಣ್ಣಿಗೆ ಹಚ್ಚಿ ಹೊಡದವು ಎಲ್ಲಾ ಚಲೋ ಬಂದಿದ್ವು. ಅವನ್ನ ಅವರು ನೋಡಲೇ ಇಲ್ಲ."

"ಅವತ್ತ ನೀ ಯಾಕ ಹೇಳಲಿಲ್ಲ?"

"ಉಸ್ತಾದ್ ಅವರು. ಅವರ ಮುಂದ ನಾ ಹೆಂಗ ಹೇಳಲ್ರಿ?"

ಎಲ್ಲರೂ ಮರ್ಯಾದೆ ಕೊಟ್ಟು ಕೊಟ್ಟೇ ಆ ಮನುಷ್ಯನನ್ನು ಮೂಲೆಗೆ ಕೂರಿಸಿದ್ದೇವೆ, ನಾವೆಲ್ಲ ಸೇರಿ.

ಆಸೀಫ ಭಾರದ ಕ್ಯಾಮೆರಾ ನನ್ನ ಕೈಗೆ ಕೊಟ್ಟು ತೋರಿಸಿದ. ಎಡಗೈ ಲೆನ್ಸಿನ ಕೆಳಗೆ. ಮೊಣಕೈ ಪಕ್ಕೆಗೆ. ಕಿಂಡಿ ಹುಬ್ಬಿಗೆ ಒತ್ತಬೇಕು. ಉಸಿರು ಹಿಡಿಯಬೇಕು. ಇದನ್ನು ಕಲಿಸಿದ್ದು ಅಪ್ಪನೇ ಅಂತೆ. ಸೋಪಿನ ಡಬ್ಬಿಯಂಥ ಆ ಹಗುರದ ಕ್ಯಾಮೆರಾ ವಾಪಸ್ ತೆಗೆದುಕೊಂಡ.

ನವೆಂಬರ್ 30, ಭಾನುವಾರ. ಬೆಳಗ್ಗೆ 11

ಇವತ್ತು ಕೊನೆಯ ದಿನ, ನಾಳೆ ಫಾರ್ಮ್ ಕೊಡಬೇಕು. ಆದದ್ದು ಆದ ಹಾಗೇ ಬರೆಯುತ್ತೇನೆ.

ಕ್ಯಾಮೆರಾವನ್ನು ಅಪ್ಪನ ತೊಡೆ ಮೇಲಿಟ್ಟೆ. "ಆವತ್ತು ಅಂದದ್ದು ತಪ್ಪಾತಪ್ಪಾ. ಹಗುರಂದು ತಂದದ್ದೂ ತಪ್ಪಾತು." ಮದುವೆ ಬಗ್ಗೆ ಆಸೀಫ ಹೇಳಿದ್ದನ್ನೂ ಹೇಳಿದೆ. ಅಪ್ಪ ಬಹಳ ಹೊತ್ತು ಲೆನ್ಸ್ ಒರೆಸಿದರು, ಅದು ಸ್ವಚ್ಛವಾಗೇ ಇತ್ತು.

ಆಮೇಲೆ ಕ್ಯಾಮೆರಾ ಎತ್ತಿದರು. ಹುಬ್ಬಿಗೆ ತಾಗಿಸಿದರು. ಮೊಣಕೈ ತಾವಾಗೇ ಪಕ್ಕೆಗೆ ಹೋದವು.

"ಏ ಸಂಗಮ್ಮ, ಬಾ ಇಲ್ಲಿ."

ಅವ್ವ ಇಳಕಲ್ ಸೀರೆ ಉಟ್ಟು ಬಂದಳು. ಯಾವಾಗ ಉಟ್ಟಳೋ! ಕಿಟಕಿ ಪಕ್ಕದ ಗೋಡೆ, ಅದರ ಮೇಲೆ ಕ್ಯಾಲೆಂಡರ್, ಅದರ ಮುಂದೆ ಕುರ್ಚಿ. ಫ್ಲ್ಯಾಶ್ ಹಾಕಲೇ ಅಂದೆ. "ಬ್ಯಾಡ, ಮಾರಿ ಬೆಳ್ಳಗ ಸತ್ತಂಗ ಬರತೈತಿ. ಕಿಟಕಿ ಬೆಳಕ ಸಾಕು." ದನಿ ಬದಲಾಗಿತ್ತು. ಹಳೇ ಸ್ಟುಡಿಯೋದ ದನಿ.

"ಇತ್ತ ನೋಡ್ರಿ ಅಮ್ಮಾರ. ಸ್ವಲ್ಪ ಗದ್ದ ಎತ್ರಿ. ಹ್ಞಾಂ. ಉಸಿರು ಹಿಡೀರಿ..."

ಹೆಂಡತಿಗೆ ರೀ! ಗಿರಾಕಿಗೆ ಅಂದ ಹಾಗೆ! ಕಿಂಡಿಗೆ ಕಣ್ಣು ಹಚ್ಚಿದವರಿಗೆ ಅದರ ಅರಿವೇ ಇಲ್ಲ. ಕ್ಲಿಕ್.

ಸ್ಕ್ರೀನ್ ನೋಡಿದೆ. ಅವ್ವನ ಮುಖ ಕಲಸಿಹೋಗಿದೆ. ಅಪ್ಪನೂ ನೋಡಿದರು. ಕ್ಯಾಮೆರಾ ಕೆಳಗಿಡಲು ಹೊರಟರು. ನಾನು ಕಣ್ಣು ಮುಚ್ಚಿಕೊಂಡೆ.

"ವಿಜೀ. ಇದನ್ನ ದೊಡ್ಡದು ಮಾಡು. ಹಿಂದ. ಕ್ಯಾಲೆಂಡರ್ ನೋಡು."

ದೊಡ್ಡದು ಮಾಡಿದೆ. ಕ್ಯಾಲೆಂಡರಿನ ಒಂದೊಂದು ತಾರೀಖೂ ಸ್ಪಷ್ಟ. ತಾರೀಖಿನ ಕೆಳಗಿನ ಇರುವೆಯಷ್ಟು ಸಣ್ಣ ಅಕ್ಷರವೂ ಓದಲು ಬರುತ್ತದೆ. ಮೊಳೆಯೂ ಕಾಣುತ್ತದೆ, ಮೊಳೆಯ ನೆರಳೂ ಕಾಣುತ್ತದೆ.

"ನನ್ನ ಕೈ ಅಲ್ಲಾಡಿದ್ರ ಗ್ವಾಡಿ ಮ್ಯಾಲಿನ ಕ್ಯಾಲೆಂಡರೂ ಅಲ್ಲಾಡಬೇಕಿತ್ತು" ಅಂದರು ಅಪ್ಪ. ಮೆಲ್ಲಗೆ. ತಮಗೇ ನಂಬಿಕೆಯಿಲ್ಲದವರ ಹಾಗೆ. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ, "ಅಲ್ಲಾಡಿದಾಕಿ ಇಕಿ! ನಾ ಅಲ್ಲ!"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಭುಜ ಇನ್ನೂ ಕುಲುಕುತ್ತಿತ್ತು. "ಮೂವತ್ತು ವರ್ಷಕ್ಕ ಒಮ್ಮೆ ರೀ ಅಂದ್ರಿ, ನಗು ತಡಕೊಳ್ಳಾಕ ಆಗಲಿಲ್ಲ" ಅಂದಳು. ನಗುತ್ತಿದ್ದಳು ಅಂತ ಅವಳು ಹೇಳುವುದು. ಕೆನ್ನೆ ಒದ್ದೆಯಾಗಿತ್ತು. ನನ್ನದೂ.

ಅಪ್ಪ ಕರೆಯುತ್ತಿದ್ದಾರೆ. ಇನ್ನೊಂದು ತೆಗೆಯಬೇಕಂತೆ. ಗಿರಾಕಿ ಕುರ್ಚಿಯಲ್ಲಿ ಕೂತಿದ್ದಾರಂತೆ, ಸೆರಗು ಸರಿ ಮಾಡಲು ಯಾರೂ ಇಲ್ಲವಂತೆ. ಬಂದೆ ಅಪ್ಪಾ, ಇದೊಂದು ಸಾಲು—