ಗೇಟಿನ ಇಳಿಜಾರು

ಬಂಗಾರಪೇಟೆ
8-3-1959

ಚಿ. ಸೌ. ಮುನಿಗಂಗಮ್ಮನಿಗೆ ಆಂಜಿನಪ್ಪ ಮಾಡುವ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾಲ್ಕು ತಿಂಗಳಿಂದ ಕ್ಷೇಮವೇನೂ ಇರಲಿಲ್ಲ, ಈ ಎರಡು ವಾರದಿಂದ ಪರವಾಗಿಲ್ಲ. ಪುತ್ತೂರಿನ ಮೂಳೆ ಕಟ್ಟು ಬಿಚ್ಚಿದ ಮೇಲೆ ನಮ್ಮತ್ತೆಯ ಕೈ ಹೇಗಿದೆ? ಮುದ್ದೆ ತಿರುವುವಷ್ಟು ಬಲ ಬಂದಿದೆಯೇ?

ಈ ಕಾಗದವನ್ನು ಬೇರೆಯವರ ಕೈಲಿ ಓದಿಸಬೇಡ. ನಾಲ್ಕನೇ ಕ್ಲಾಸು ಓದಿದವಳು ನೀನು, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು. ಅವಸರವಿಲ್ಲ. ನಾನು ಈ ಮಾತು ಹೇಳಿದರೆ ನಿನಗೆ ನಗು ಬರುತ್ತದೆ, ನಗು.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ನಮ್ಮಜ್ಜಿ ಒಂದೇ ರಾಜನ ಕಥೆಯನ್ನು ನೂರು ಸಲ ಹೇಳುತ್ತಿದ್ದಳು. ನೂರೊಂದನೇ ಸಲ ಹೇಳುವಾಗ, ಅಲ್ಲಿಯವರೆಗೆ ನುಂಗಿಕೊಂಡಿದ್ದ ಒಂದು ಸಂಗತಿಯನ್ನು ಹೊರಗೆ ಬಿಡುತ್ತಿದ್ದಳು. ರಾಜ ಕಳ್ಳನಾಗಿಬಿಡುತ್ತಿದ್ದ. ಇದೂ ಹಾಗೆಯೇ ಎಂದು ತಿಳಿ.

ಕಾರ್ತಿಕದಲ್ಲಿ ನಂದಿದುರ್ಗ ಚಿನ್ನದ ಗಣಿಯ ಲೈನುಮನೆಗಳಲ್ಲಿ ನಿನ್ನ ಚಿಕ್ಕಮ್ಮನ ಮನೆಯ ನಾಮಕರಣ ಮುಗಿಸಿ ಬರುತ್ತಿದ್ದೆವು. ನಾನು ಓಡಿಸುವ ಕೋದಂಡಪ್ಪನವರ ಬಾಡಿಗೆ ಕಾರು. ನೀನು ಮುಂದೆ, ಅತ್ತೆ ಹಿಂದೆ. ರೈಲು ಗೇಟಿಗೆ ಇಳಿಯುವ ಉದ್ದನೆಯ ಇಳಿಜಾರು ಬಂತು. ನಮ್ಮ ಸ್ಟ್ಯಾಂಡಿನ ಡ್ರೈವರುಗಳಿಗೆ ಅಲ್ಲೊಂದು ಚಾಳಿ. ದಿಣ್ಣೆಯ ನೆತ್ತಿಯಲ್ಲಿ ಗೇರು ತೆಗೆದು ಕಾರನ್ನು ಅದರ ಪಾಡಿಗೆ ಉರುಳಲು ಬಿಡುವುದು. ಪೆಟ್ರೋಲು ಉಳಿಯುತ್ತದೆ ಎಂದು ಬಾಯಿಮಾತಿಗೆ ಹೇಳುತ್ತೇವೆ. ನಿಜ ಅದಲ್ಲ. ಗೇಟು ದಾಟಿ ಯಾರ ಕಾರು ಎಷ್ಟು ದೂರ ಉರುಳಿತು ಎಂದು ಸಂಜೆ ಟೀ ಅಂಗಡಿಯಲ್ಲಿ ಜಂಬ ಕೊಚ್ಚಿಕೊಳ್ಳಬೇಕು. ಗೇಟಿನಾಚೆಯ ಮೂರನೇ ಹುಣಸೆಮರ ಮುಟ್ಟಿದವನು ನಾನೊಬ್ಬನೇ. ಹೆಂಡತಿ ಪಕ್ಕದಲ್ಲಿ ಕೂತಿರುವಾಗ ನಾಲ್ಕನೇ ಮರ ಮುಟ್ಟುವ ಆಸೆ ಬಂತು.

ನೀನು ನನ್ನ ಕೈಯನ್ನೇ ನೋಡುತ್ತಿದ್ದೆ. "ಯಾಕ್ರೀ ಗೇರು ತೆಗುದ್ರಿ? ಆಕ್ರಿ ಮೊದ್ಲು!" ಎಂದೆ. "ನಿಂಗೇನೇ ಗೊತ್ತು, ಸುಮ್ಕೆ ಕೂತ್ಕೊ" ಎಂದು ನಾನು ಗದರಿದೆ. ಕೆಳಗೆ ಗೇಟು ಹಾಕಿತ್ತು, ಮಾರಿಕುಪ್ಪಂ ರೈಲು ಬರುವ ಹೊತ್ತು. ಬ್ರೇಕು ಒತ್ತಿದೆ, ಹಿಡಿಯಿತು. ಒತ್ತಿಕೊಂಡೇ ಬಂದೆ, ಸುಟ್ಟ ವಾಸನೆ ಎದ್ದಿತು. ಆಮೇಲೆ ಎಷ್ಟು ತುಳಿದರೂ ಕಾರು ಕೇಳಲಿಲ್ಲ. ಗೇರಿಗೆ ಹಾಕಲು ಹೋದರೆ ಕರಕರ ಎಂದು ಹಲ್ಲು ಕಡಿಯಿತೇ ಹೊರತು ಕೂರಲಿಲ್ಲ. ಗೇಟಿಗೆ ಗುದ್ದುವ ಬದಲು ಪಕ್ಕದ ರಾಗಿ ಹೊಲಕ್ಕೆ ತಿರುಗಿಸಿದೆ. ಕಾರು ಹುಲ್ಲಿನ ಮೆದೆಯೊಳಕ್ಕೆ ನುಗ್ಗಿ ನಿಂತಿತು. ಅತ್ತೆಯ ಕೈ ಮುರಿಯಿತು.

ಜನ ಓಡಿ ಬಂದರು. ನನ್ನ ಬಾಯಿಂದ ಮೊದಲು ಹೊರಟ ಮಾತು, "ಬ್ರೇಕು ಕೈ ಕೊಡ್ತು." ಹಿಂದಿನ ದಿನವಷ್ಟೇ ಆರುಮುಗಂ ಮೇಸ್ತ್ರಿ ಅದೇ ಕಾರಿನ ಬ್ರೇಕಿಗೆ ಹೊಸ ಪಟ್ಟಿ ಹಾಕಿದ್ದ. ನನ್ನ ಆ ಒಂದು ಮಾತು ಸಾಕಾಯಿತು. ಕೋದಂಡಪ್ಪನವರು ಅವನನ್ನು ಶೆಡ್ಡಿನ ಕೆಲಸದಿಂದ ತೆಗೆದುಬಿಟ್ಟರು. ನೀನು ಮೂರು ದಿನ ಹೇಳಿದೆ, "ಓಗಿ ನಿಜ ಏಳ್ರಿ" ಎಂದು. ನಾನು ಹೋಗಲಿಲ್ಲ. ನಾಲ್ಕನೇ ದಿನ ಅತ್ತೆಯನ್ನು ಪುತ್ತೂರಿಗೆ ಕರೆದುಕೊಂಡು ಹೋದವಳು ತಿರುಗಿ ನಮ್ಮ ಮನೆಗೆ ಬರಲಿಲ್ಲ, ಅಮ್ಮನ ಜೊತೆ ತವರಿನಲ್ಲೇ ಉಳಿದೆ. "ನಿಲ್ಸಕ್ಕೆ ಬರ್ದಿರೋನು ಗಾಡಿ ಓಡಿಸ್ಬಾರ್ದು, ಸಂಸಾರಾನೂ ನಡುಸ್ಬಾರ್ದು" ಎಂದು ಹೇಳಿಕಳಿಸಿದ್ದೆ. ನನಗೆ ಸಿಟ್ಟು ಬಂದಿತ್ತು. ಬ್ರೇಕು ಕೆಟ್ಟಿತ್ತು ಎಂದು ಹೇಳಿ ಹೇಳಿ ನಾನೇ ಅರ್ಧ ನಂಬಿಬಿಟ್ಟಿದ್ದೆ.

ಹೋದ ತಿಂಗಳು ಟೈರಿಗೆ ಪಂಕ್ಚರು ಹಾಕಿಸಲು ಲಾರಿ ಶೆಡ್ಡಿಗೆ ಹೋದೆ. ಅಲ್ಲಿ ಆರುಮುಗಂ ನೆಲದ ಮೇಲೆ ಕೂತು ಟೈರು ಬಿಚ್ಚುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬ ಲಾರಿಯ ಬ್ರೇಕು ಕಟ್ಟುತ್ತಿದ್ದ, ತಪ್ಪುತಪ್ಪಾಗಿ. ಆರುಮುಗಂ ಅವನ ಕೈಯನ್ನೇ ನೋಡುತ್ತಾ ಟೈರು ಬಿಚ್ಚುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. "ಮೇಸ್ತ್ರಿ, ನೀವೇ ಮಾಡಬಾರ್ದಾ?" ಎಂದೆ. ಅವನು ತಲೆ ಎತ್ತದೆ, "ನನ್ ಕೈಗೆ ಬ್ರೇಕು ಯಾರು ಕೊಡ್ತಾರೆ ತಂಬಿ?" ಎಂದ. ಬೈದಿದ್ದರೆ ನಾನೂ ಬೈದು ಬಂದುಬಿಡುತ್ತಿದ್ದೆ ಗಂಗಾ. ಬೈಯಲಿಲ್ಲ.

ಪಂಕ್ಚರು ಹಾಕಿಸಿಕೊಳ್ಳದೆಯೇ ಸ್ಟ್ಯಾಂಡಿಗೆ ಬಂದೆ. ಕೋದಂಡಪ್ಪನವರ ಮುಂದೆ, ಐದಾರು ಜನ ಡ್ರೈವರುಗಳ ಎದುರಿಗೇ ಹೇಳಿದೆ: ಗೇರು ತೆಗೆದವನು ನಾನು, ಹೆಂಡತಿ ಬೇಡವೆಂದರೂ ಕೇಳದವನು ನಾನು, ಆರುಮುಗಂ ಕಟ್ಟಿದ ಬ್ರೇಕಿನಲ್ಲಿ ದೋಷವಿರಲಿಲ್ಲ. ಕೋದಂಡಪ್ಪನವರು ಬೀಡಿ ಎಸೆದು, "ಲೇ, ನಿಮ್ಮತ್ತೆ ಕೈಯಾದ್ರೂ ಕೂಡ್ಕೊಂತು. ಆ ಮನುಷ್ಯನ್ ಕೈ ಮುರ್ದಿದೀಯಲ್ಲಲಾ, ಅದನ್ನ ಯಾವ್ ಪುತ್ತೂರಲ್ಲಿ ಕಟ್ಟಿಸ್ತೀಯ?" ಎಂದರು. ಆ ದಿನವೇ ಹೋಗಿ ಆರುಮುಗಂನನ್ನು ಕರೆತಂದರು. ಕಾರಿನ ಕೀಲಿಯನ್ನು ನನ್ನಿಂದ ತೆಗೆದು ಅವನ ಕೈಗೆ ಕೊಟ್ಟರು. ಇವನು ಮತ್ತೆ ಓಡಿಸಬೇಕೋ ಬೇಡವೋ ಅದು ನಿನ್ನ ಮಾತು ಎಂದರು. ನಾನು ಅವನ ಕಾಲು ಹಿಡಿಯಲು ಬಗ್ಗಿದೆ. "ಕಾಲು ಬಿಡು ಡೇಯ್, ಕಾಲಲ್ಲಿ ಮಾಡೋ ಕೆಲಸ ನಿಂಗೆ ಬರಲ್ಲ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮಾರನೆಯ ದಿನದಿಂದ ಪಾಠ. ಅದೇ ಇಳಿಜಾರು. ಅವನು ಪಕ್ಕದಲ್ಲಿ ಕೂತ. ಮೊದಲ ದಿನವೇ ದಿಣ್ಣೆಯ ನೆತ್ತಿಯಲ್ಲಿ ನನ್ನ ಕೈ ತಾನೇ ಗೇರಿನ ಮೇಲೆ ಹೋಯಿತು. ಅವನು ಫಟ್ಟೆಂದು ಹೊಡೆದ. "ಇಳಿಜಾರಲ್ಲಿ ಎತ್ತು ಬಿಚ್ಚಿ ಗಾಡಿ ಬಿಡ್ತೀಯಾ?" ಎಂದು ಕೇಳಿದ. ನಾನು ಹಳ್ಳಿಯವನು, ಇಳಿಜಾರಿನಲ್ಲಿ ಎತ್ತುಗಳು ನೊಗಕ್ಕೆ ಕತ್ತು ಕೊಟ್ಟು ಗಾಡಿಯನ್ನು ಹಿಂದಕ್ಕೆ ತಡೆದು ನಿಲ್ಲಿಸುವುದನ್ನು ಕಂಡೇ ಬೆಳೆದವನು. ಎಂಟು ವರ್ಷ ಕಾರು ಓಡಿಸಿಯೂ ಎಂಜಿನ್ನು ಆ ಎತ್ತು ಎಂದು ಹೊಳೆದಿರಲಿಲ್ಲ.

ನೀನು ಓದುತ್ತಾ ಕಾಲು ಆಡಿಸಿ ನೋಡು, ತಿಳಿಯುತ್ತದೆ. ಮೊದಲು ಆಕ್ಸಿಲೇಟರಿನಿಂದ ಕಾಲು ತೆಗೆಯಬೇಕು. ಅಷ್ಟಕ್ಕೇ ಕಾರು ಮುಗ್ಗರಿಸಿದ ಹಾಗೆ ಸ್ವಲ್ಪ ತಡೆಯುತ್ತದೆ. ಆಮೇಲೆ ಮೆಲ್ಲಗೆ ಬ್ರೇಕು. ವೇಗ ತಗ್ಗಿದ ಮೇಲೆ ಒಂದು ಗೇರು ಕೆಳಕ್ಕೆ. ಕ್ಲಚ್ಚು ತುಳಿದು ಗೇರು ತೆಗೆ, ಕ್ಲಚ್ಚು ಬಿಟ್ಟು ಎಂಜಿನ್ನಿಗೆ ಒಂದು ಸಣ್ಣ ಗುಟುಕು ಪೆಟ್ರೋಲು ಕೊಡು, ಮತ್ತೆ ತುಳಿದು ಕೆಳಗಿನ ಗೇರಿಗೆ ಹಾಕು. ಹಲ್ಲು ಕಡಿಯದೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಈಗ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಉಸಿರಾಡಲು ಬಿಡುವು. ಪೂರ್ತಿ ನಿಲ್ಲುವ ಮುಂಚೆ, ಇನ್ನೇನು ಎಂಜಿನ್ನು ನಡುಗುತ್ತದೆ ಎನ್ನುವಾಗ ಮಾತ್ರ ಕೊನೆಗೆ ಕ್ಲಚ್ಚು ತುಳಿಯಬೇಕು. ನಾನು ಎಲ್ಲಕ್ಕಿಂತ ಮೊದಲು ಅದನ್ನೇ ತುಳಿಯುತ್ತಿದ್ದೆ.

ಆರುಮುಗಂ ಕಣ್ಣು ಮುಚ್ಚಿ ಕೂರುತ್ತಿದ್ದ. "ಗಾಡಿ ನಿಂತಿದ್ದು ನಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಮತ್ತೆ ಮೇಲಕ್ಕೆ" ಎನ್ನುತ್ತಿದ್ದ. ಹನ್ನೊಂದು ದಿನ ಅವನಿಗೆ ಗೊತ್ತಾಯಿತು. ಹನ್ನೆರಡನೇ ದಿನ, ಅಂದರೆ ನಿನ್ನೆ, ಗೇಟಿನ ಮುಂದೆ ನಿಲ್ಲಿಸಿದೆ. ಅವನು ಕಣ್ಣು ಮುಚ್ಚಿಕೊಂಡೇ, "ಇನ್ನೂ ಎಷ್ಟು ದೂರ ಡೇಯ್?" ಎಂದ. ಗೇಟಿನವನು ನಕ್ಕುಬಿಟ್ಟ. ಆರುಮುಗಂ ಕಣ್ಣು ತೆರೆದು, ಕೀಲಿ ನೀನೇ ಇಟ್ಟುಕೋ ಎಂದು ನನಗೆ ಸನ್ನೆ ಮಾಡಿದ.

ಬರುವ ಭಾನುವಾರ ನಿಮ್ಮೂರಿಗೆ ಬರುತ್ತೇನೆ. ನೀನು ಹೊರಟು ಬಾ ಎಂದು ಹೇಳುವ ಅಧಿಕಾರ ನನಗಿಲ್ಲ. ಬರುತ್ತೀಯಾ ಎಂದು ಕೇಳುತ್ತಿದ್ದೇನೆ. ಕಾರು ಎಂದರೆ ಅತ್ತೆಗೆ ಭಯವಾದರೆ ರೈಲಿನಲ್ಲಿ ಬಂದು ನಡೆದುಕೊಂಡು ಬರುತ್ತೇನೆ.

ನಿನ್ನ
ಆಂಜಿನಪ್ಪ

ಬಿಟ್ಟುಹೋಗಿದ್ದು: ತಪ್ಪಾಯಿತು ಎಂದಾಗ ಆರುಮುಗಂ ಹೇಳಿದ್ದು ಒಂದೇ ಮಾತು, "ಗೊತ್ತು." ಹೇಗೆ ಗೊತ್ತು ಎಂದರೆ, ಸುಟ್ಟ ಬ್ರೇಕಿನ ಪಟ್ಟಿಯೇ ಹೇಳುತ್ತದೆ ಎಂದ. ಪಟ್ಟಿ ಅಷ್ಟೆಲ್ಲಾ ಹೇಳುತ್ತದೆಯೇ?

*

ಗೊಲ್ಲಹಳ್ಳಿ
11-3-1959

ನಮ್ಮ ಮನೆಯವರಿಗೆ ಮುನಿಗಂಗಮ್ಮ ಮಾಡುವ ನಮಸ್ಕಾರಗಳು.

ಕಾಗದ ಸೇರಿತು. ಒಬ್ಬಳೇ ಓದಿಕೊಂಡೆ, ಎರಡು ಹೊತ್ತು ಹಿಡಿಯಿತು. ಕಾಲು ಆಡಿಸುತ್ತಾ ಓದುವುದನ್ನು ಅಮ್ಮ ನೋಡಿ, "ಯಾಕೇ, ಇರುವೆ ಕಚ್ತಾ?" ಎಂದು ಕೇಳಿದರು. ಆಮೇಲೆ ಅವರಿಗೆ ಓದಿ ಹೇಳಿದೆ. ಬೇರೆಯವರ ಕೈಲಿ ಓದಿಸಬೇಡ ಎಂದಿದ್ದಿರಿ, ಬೇರೆಯವರಿಗೆ ಓದಬೇಡ ಎಂದಿರಲಿಲ್ಲ.

ಅಮ್ಮನ ಕೈ ಗಟ್ಟಿಯಾಗಿದೆ. ನಿಮ್ಮ ವಿಷಯ ಕೇಳಿ ಆ ಕೈಯನ್ನು ಮಡಿಸಿ ಬಿಚ್ಚಿ ನೋಡಿಕೊಂಡರು. ಆಮೇಲೆ, "ಕಾರಲ್ಲೇ ಬರ್ಲಿ. ನಾನೂ ಬತ್ತೀನಿ. ಆದ್ರೆ ಇಂದ್ಲ ಸೀಟು ನಂಗೆ ಬ್ಯಾಡ. ಮುಂದೆ ಕೂತು ಅವ್ನ ಕೈಯ ನಾನೇ ನೋಡ್ತೀನಿ. ಗೇರು ತೆಗುದ್ರೆ ಈ ಕಟ್ಟಿಸ್ಕೊಂಡ್ ಕೈಯಲ್ಲೇ ಒಂದು ಬಿಡ್ತೀನಿ" ಎಂದರು. ಹೀಗಾಗಿ ನನಗೆ ಹಿಂದಿನ ಸೀಟು. ಸೀರೆಗಳನ್ನು ಮಡಿಸಿಟ್ಟಿದ್ದೇನೆ. ಊಟಕ್ಕೆ ಅವರೆಕಾಳು ಸಾರು ಮಾಡಿರುತ್ತೇವೆ, ಹಸಿದುಕೊಂಡು ಬನ್ನಿ.

ನಿಮ್ಮ
ಮುನಿಗಂಗಮ್ಮ

ಇನ್ನೊಂದು ಮಾತು: ಪಟ್ಟಿ ಅಷ್ಟೆಲ್ಲಾ ಹೇಳುವುದಿಲ್ಲ. ಪುತ್ತೂರಿನಿಂದ ಬಂದ ವಾರವೇ ನಾನು ಮಾರಿಕುಪ್ಪಂ ರೈಲು ಹತ್ತಿ ಆರುಮುಗಂ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ್ದೆ. ಕೋದಂಡಪ್ಪನವರ ಮುಂದೆಯೂ ಹೇಳುತ್ತೇನೆ, ಬನ್ನಿ ಎಂದು ಕರೆದೆ. ಅವರ ಹೆಂಡತಿ ಅಮ್ಮಾಜಮ್ಮ ಆಗಲೇ ಸೆರಗು ಬಿಗಿದು ಹೊರಟುಬಿಟ್ಟಿದ್ದರು. ಆರುಮುಗಂ ಅವರೇ ತಡೆದರು. "ಕಟ್ಕೊಂಡೋಳೇ ಗಂಡನ್ನ ಇಡ್ಕೊಟ್ರೆ ಆ ಮನೆ ಉಳಿಯಲ್ಲಮ್ಮ. ಯುಗಾದಿವರ್ಗೂ ನೋಡೋಣ. ಅವನಾಗೇ ಬಂದ್ರೆ ನಾನು ಅವನ್ನ ಡ್ರೈವರ್ ಮಾಡ್ತೀನಿ" ಎಂದರು. ನಿಮಗೆ ಹೇಳಬಾರದೆಂದು ಆಣೆ ಹಾಕಿಸಿದ್ದರು. ಅವರ ಹತ್ತಿರ ಬಾಯಿ ಬಿಟ್ಟೀರಿ, ಜೋಕೆ.