ಸಡಿಲ ಮಾಡಿದ ಫ್ರಾಕು

ಅಕ್ಕನಿಗೆ ನಮಸ್ಕಾರ.

ಗುಬ್ಬಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಇನ್ನೆರಡು ವಾರ ಅಂಗಡಿಯನ್ನು ನೀನೊಬ್ಬಳೇ ನೋಡಿಕೊಳ್ಳಬೇಕು. ಆರು ವರ್ಷದ ನನ್ನ ಮಗಳ ಹೃದಯ ಸೋಲುತ್ತಿದೆಯಂತೆ. ಅದು ಮುದುಕರ ಕಾಯಿಲೆ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಹದಿನಾಲ್ಕು ಮಂಚ, ಎಲ್ಲದರಲ್ಲೂ ಮಕ್ಕಳೇ. “ಯಾವ ದೇಶಕ್ಕೆ ಹೋದ್ರೂ ಇಂಥ ವಾರ್ಡ್ ಇದ್ದೇ ಇರುತ್ತಪ್ಪ” ಎಂದರು ಡಾಕ್ಟರಮ್ಮ.

ಎರಡು ತಿಂಗಳಲ್ಲಿ ಅವಳ ಫ್ರಾಕಿನ ಸೊಂಟದ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಸಡಿಲ ಮಾಡಿದೆ. “ಗುಬ್ಬಿ ಕೊನೆಗೂ ಮೈಕೈ ತುಂಬ್ಕೊಂಡ್ಲು ಕಣೋ” ಎಂದು ನೀನೂ ಹಿಗ್ಗಿದ್ದೆ. ತುಂಬಿಕೊಂಡಿದ್ದು ನೀರು, ಅಕ್ಕ. ಹೃದಯ ಸೋತರೆ ಮೈಯಲ್ಲಿ ನೀರು ನಿಲ್ಲುತ್ತದಂತೆ. ಡಾಕ್ಟರಮ್ಮ ಅವಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಇಪ್ಪತ್ತು ವರ್ಷ ಊರವರ ಅಳತೆ ತೆಗೆದ ಟೈಲರ್ ನಾನು. ಮಗಳ ಸೊಂಟಕ್ಕೆ ಮೂರು ಸಲ ಟೇಪು ಸುತ್ತಿ, ಮೂರು ಸಲವೂ ಖುಷಿಪಟ್ಟೆ.

ಮದ್ದು ಶುರುವಾಗಿದೆ. ಮುಂದಿನದು ಅವರಿಗೂ ಗೊತ್ತಿಲ್ಲವಂತೆ.

ಮೆಷಿನ್ನಿನ ಪಕ್ಕದ ಬುಟ್ಟಿಯಲ್ಲಿ ಸಡಿಲ ಮಾಡಲು ಕೊಟ್ಟ ಮಕ್ಕಳ ಬಟ್ಟೆಗಳಿವೆ. ಒಂದನ್ನೂ ಬಿಚ್ಚಬೇಡ. ನನಗೆ ತಲೆಕೆಟ್ಟಿದೆ ಅಂದುಕೊಂಡರೂ ಪರವಾಗಿಲ್ಲ, ಒಂದೊಂದು ಮಗುವನ್ನೂ ಕರೆಸಿ, ಮೊದಲು ಕಾಲು ಒತ್ತಿ ನೋಡು.

ನಿನ್ನ ತಮ್ಮ